ಹಗ್ಗ ಹಿಡಿದವನು

"ಅಜ್ಜಾರ, ನಾ ಹೇಳೂದು ಖರೇ ಅಂತ ಎದುರಿನವರಿಗೆ ಅನ್ನಿಸಬೇಕಾದ್ರ ಮಾತಿಗೆ ಯಾವ ಪದ ಹಚ್ಚಬೇಕ್ರಿ?"

ಕೇಳಿದವನು ದುಂಡಪ್ಪ ಮಾಸ್ತರ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಬಿಡುವಾದಾಗಲೆಲ್ಲ ಊರ ಹೊರಗಿನ ಮಠಕ್ಕೆ ಬಂದು ಗುರುಗಳ ಹತ್ತಿರ ಕೂತು ಹೋಗುವುದು ಅವನ ರೂಢಿ. ಗುರುಗಳಿಗೆ ಉದ್ದನೆಯ ಹೆಸರೊಂದಿತ್ತು. ಆದರೆ ಊರಿನವರು ಅದನ್ನು ಮರೆತು ಅಜ್ಜಾರು ಎಂದೇ ಕರೆಯುತ್ತಿದ್ದರು. ಆ ಹೊತ್ತಿನಲ್ಲಿ ಅಜ್ಜಾರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬರುವುದಿಲ್ಲವಲ್ಲ ಎಂಬ ಕೊರಗೂ ಇರಲಿಲ್ಲ.

"ಪದದ ಅಂಗಡಿ ಇಟ್ಟಾಂವ ನೀನು. ನನ್ನ ಕೇಳ್ತೀಯಲ್ಲೋ," ಎಂದರು ಅಜ್ಜಾರು. "ನಿನ್ನ ಹತ್ರ ಇರೂದು ಯಾವುದು, ತಗಿ ನೋಡೋಣು."

ದುಂಡಪ್ಪ ಸ್ವಲ್ಪ ನೆಟ್ಟಗೆ ಕೂತ. ಇಂಗ್ಲಿಷಿನಲ್ಲಿ ಸೀರಿಯಸ್ಲಿ ಎಂಬ ಪದವಿದೆ ಎಂದು ಹೇಳಿದ. ಅದು ಕ್ರಿಯೆಗೆ ಅಂಟಿಕೊಂಡು ಬರುತ್ತದೆ. ಒಬ್ಬ ಗಂಭೀರವಾಗಿ ಓದಿದ ಎನ್ನುವಲ್ಲಿ ಅದು ಬರುತ್ತದೆ. ಒಬ್ಬನಿಗೆ ಕಾಯಿಲೆ ಜೋರಾಗಿದೆ ಎನ್ನುವಲ್ಲಿಯೂ ಅದೇ ಬರುತ್ತದೆ. ಮಾತಿನ ತಲೆಯಲ್ಲಿ ಕೂತರೆ, ನಾನು ತಮಾಷೆ ಮಾಡುತ್ತಿಲ್ಲ ಎಂದು ಅರ್ಥ. ಒಂಟಿಯಾಗಿ, ಪ್ರಶ್ನೆಯ ರಾಗದಲ್ಲಿ ಬಂದರೆ, ನೀನು ತಮಾಷೆ ಮಾಡುತ್ತಿಲ್ಲ ತಾನೆ ಎಂದು ಅರ್ಥ. ಹೀಗೆ ವಿವರಿಸುತ್ತ ಹೋದ ದುಂಡಪ್ಪನಿಗೆ ತಾನು ಮಠದಲ್ಲಿದ್ದೇನೆ ಎಂಬುದೇ ಮರೆತಿತ್ತು. ಕೈಯಲ್ಲಿ ಸೀಮೆಸುಣ್ಣವೊಂದು ಇರಲಿಲ್ಲ, ಅಷ್ಟೇ.

"ರೋಗಕ್ಕೂ ಅದ ಪದ, ಆಣಿ ಪ್ರಮಾಣ ಮಾಡಾಕೂ ಅದ ಪದ. ಭಾಳ ದುಡಿಯೂ ಪದ ಐತಿ ಬಿಡು," ಎಂದರು ಅಜ್ಜಾರು. "ಅದನ್ನ ಹಚ್ಚಲಿಲ್ಲಂದ್ರ ಏನಾಗತೈತಿ? ಬರತೀನಿ ಅಂದ್ರ ಬರೂದು. ಸೀರಿಯಸ್ಲಿ ಬರತೀನಿ ಅಂದ್ರ ಎರಡು ಸಲ ಬರೂದೇನು?"

ದುಂಡಪ್ಪನಿಗೆ ನಗು ಬರಲಿಲ್ಲ. ಅವನ ಮುಖ ಸಣ್ಣದಾಯಿತು. ಪಾಠ ಅಲ್ಲಿಗೆ ನಿಂತು ಸಂಕಟ ಹೊರಗೆ ಬಂತು.

ಅವನ ಹೆಂಡತಿ ಮಹಾನಂದಾ ತವರಿನಲ್ಲಿದ್ದಳು. ಹೋದವಳು ಬಂದಿರಲಿಲ್ಲ. ಅವಳು ಹೊರಟ ದಿನ ಬೆಳಿಗ್ಗೆ ಅವನ ತಟ್ಟೆಗೆ ರೊಟ್ಟಿ ಹಾಕುತ್ತ ಅವಳು ಹೇಳಿದ್ದಳು, "ಅವ್ವಗ ಆರಾಮಿಲ್ಲ. ಮಧ್ಯಾಹ್ನಕ್ಕ ಬರ್ರಿ, ಹೋಗೋಣು." ಬರುತ್ತೇನೆ, ಸೀರಿಯಸ್ಲಿ ಬರುತ್ತೇನೆ ಎಂದು ಇವನು ಹೇಳಿ ಹೋದ. ಆ ಹಳ್ಳಿಗೆ ಬಸ್ಸು ಇದ್ದದ್ದು ಸಂಜೆಗೆ ಮಾತ್ರ. ಮೋಟರ್ ಸೈಕಲ್ ಇವನ ಕೈಯಲ್ಲಿ. ಅರ್ಧ ದಿನದ ಶಾಲೆ ಮುಗಿದ ಮೇಲೆ ಮಾಸ್ತರುಗಳ ವಾಲಿಬಾಲ್ ಪಂದ್ಯ ಶುರುವಾಯಿತು. ಮಹಾನಂದಾ ಫೋನ್ ಮಾಡಿದಳು. ಹೊರಟೆ, ಸೀರಿಯಸ್ಲಿ ಹೊರಟೆ ಎಂದು ಹೇಳಿ ಇವನು ಮತ್ತೆ ಬಲೆಯ ಹತ್ತಿರ ಓಡಿದ. ಅವಳು ಚೀಲ ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತಿದ್ದು, ಸಂಜೆಯ ಬಸ್ಸಿಗೆ ಒಬ್ಬಳೇ ಹೋದಳು. ಅವಳು ತಲುಪುವಷ್ಟರಲ್ಲಿ ತಾಯಿಗೆ ಮಾತು ನಿಂತಿತ್ತು. ಮಧ್ಯಾಹ್ನವೆಲ್ಲ ಮುದುಕಿ ಬಾಗಿಲ ಕಡೆ ನೋಡುತ್ತ, ಮಗಳು ಬಂದಳೇ ಎಂದು ಕೇಳುತ್ತಿದ್ದಳಂತೆ. ಆಮೇಲೆ ಕಣ್ಣು ತೆರೆದೇ ಇದ್ದವು, ಮಾತು ಬರಲಿಲ್ಲ. ಕೆಲವು ದಿನಕ್ಕೆ ಜೀವವೂ ಹೋಯಿತು.

"ದಿನಕರ್ಮ ಎಲ್ಲಾ ಮುಗದಾವ್ರಿ. ಕರ್ಯಾಕ ಹೋಗಿದ್ದೆ. ಆಕಿ ಸಿಟ್ಟು ಮಾಡಲಿಲ್ಲ, ಅಳಲಿಲ್ಲ. 'ನಿಮ್ಮ ಮಾತಿಗೆ ಸಾಕ್ಷಿಗೆ ಇನ್ನೊಂದು ಮಾತು ಬೇಕಾಗತೈತಿ. ಆ ಸಾಕ್ಷಿಗೂ ಸಾಕ್ಷಿ ಬೇಕು. ನನಗ ದಣಿವಾಗೇತಿ' ಅಂದಳ್ರಿ. ಅಷ್ಟ," ಎಂದ ದುಂಡಪ್ಪ. "ನಾಳೆ ಮತ್ತ ಹೊಂಟೀನ್ರಿ. ಈ ಸಲ ಆಕಿ ನಂಬಲಿಲ್ಲಂದ್ರ ನನ್ನ ಮನಿ ಮುಗೀತು. ಆಕಿ ನಂಬೂವಂಥಾ ಒಂದು ಮಾತು ಕೊಡ್ರಿ ನನಗ."

ಅಜ್ಜಾರು ಶೇಂಗಾದ ಬುಟ್ಟಿಯನ್ನು ಅವನ ಕಡೆ ಸರಿಸಿದರು. ದುಂಡಪ್ಪನೂ ಸುಲಿಯತೊಡಗಿದ. ಅಜ್ಜಾರು ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದ. ಅವನ ಹೆಂಡತಿಗೆ ಒಬ್ಬ ತಮ್ಮನಿದ್ದ. ಭಾವ ಕೆಳಗಿಳಿದು ಅಗೆಯುತ್ತಿದ್ದ. ಮೈದುನ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಹೆಂಡತಿ ಮೇಲೆ ಬಂದ ಮಣ್ಣನ್ನು ಹೊತ್ತು ದೂರದ ದಿಬ್ಬಕ್ಕೆ ಸುರಿದು ಬರುತ್ತಿದ್ದಳು.

ಹಗ್ಗವನ್ನು ಹೆಂಡತಿಯ ತಮ್ಮನೇ ಹಿಡಿಯಬೇಕು ಎಂಬುದು ಆ ಕಸುಬಿನವರ ಕಟ್ಟಳೆ. ಸ್ವಂತ ತಮ್ಮ ಹಿಡಿಯುವಂತಿಲ್ಲ. ಒಡಹುಟ್ಟಿದವನಿಗೆ ಅಣ್ಣನ ಪಾಲಿನ ಮೇಲೆ ಆಸೆ ಹುಟ್ಟೀತು. ಹೆಂಡತಿಯ ತಮ್ಮನಿಗಾದರೆ ಅಕ್ಕನ ಕುಂಕುಮದ ಚಿಂತೆ. ಹಗ್ಗ ಜಾರಿದರೆ ಅವನು ಅಕ್ಕನ ಮುಖ ನೋಡಬೇಕು. ಹಿರಿಯರು ಯೋಚನೆ ಮಾಡಿಯೇ ಹಗ್ಗವನ್ನು ಆ ಕೈಗೆ ಕೊಟ್ಟಿದ್ದರು.

ಆದರೆ ಅದರಲ್ಲೊಂದು ತೊಡಕಿತ್ತು. ಭಾವ ಮೈದುನರೆಂದರೆ ಚೇಷ್ಟೆಯ ನಂಟು. ಒಬ್ಬರನ್ನೊಬ್ಬರು ಗೋಳು ಹೊಯ್ದುಕೊಳ್ಳದಿದ್ದರೆ, ಇವರ ನಡುವೆ ಏನೋ ಮನಸ್ತಾಪ ಬಂದಿದೆ ಎಂದು ಬೀಗರು ಮಾತಾಡಿಕೊಳ್ಳುತ್ತಾರೆ. ಯಾವ ಇಬ್ಬರ ನಡುವೆ ಮಾತು ಹಗುರವೋ, ಅದೇ ಇಬ್ಬರ ನಡುವೆ ಜೀವದ ಹಗ್ಗ ಬಂದು ಕೂತಿತ್ತು. ಅದಕ್ಕೆಂದೇ ಹಿರಿಯರು ಇನ್ನೊಂದು ಕಟ್ಟಳೆ ಮಾಡಿದರು. ಬುಟ್ಟಿಯಲ್ಲಿ ಕಾಲಿಟ್ಟ ಮೇಲೆ ನಗೆಮಾತಿಲ್ಲ. ಕೆಳಗಿನಿಂದ ಬರಬೇಕಾದ ಮಾತು ಮೂರೇ: ಬಿಡು, ತಡಿ, ಎಳಿ. ಮೇಲಿನವನು ಕೇಳಿದ್ದನ್ನು ಮಾಡಬೇಕು. ಯಾಕೆ ಎನ್ನುವಂತಿಲ್ಲ. ಮೇಲೆ ಬಂದು ಕೈಕಾಲು ತೊಳೆದುಕೊಂಡ ಮೇಲೆ ಎಷ್ಟು ಬೇಕಾದರೂ ನಗಾಡಬಹುದು.

ಈ ಭಾವ ಕೆಲಸದಲ್ಲಿ ಹುಲಿ. ಎಂಥ ಗಟ್ಟಿ ನೆಲವನ್ನೂ ಹಾರೆಯಿಂದ ಬಗ್ಗಿಸುತ್ತಿದ್ದ. ಆದರೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ತನ್ನ ಮದುವೆಯ ದಿನವೇ ಮೈದುನನ ಚಪ್ಪಲಿಯಲ್ಲಿ ಹುಣಸೆಹಣ್ಣು ಮೆತ್ತಿ, ಅವನು ಅಂಟಿಕೊಂಡ ಕಾಲಿನಲ್ಲಿ ನಡೆಯುವುದನ್ನು ನೋಡಿ ನಕ್ಕವನು. ಮೈದುನನೂ ಕಡಿಮೆಯವನಲ್ಲ. ಆದರೆ ಅವನು ಹಗ್ಗ ಹಿಡಿದಾಗ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಅಕ್ಕನ ಬಾಳು ತನ್ನ ಅಂಗೈಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

ಒಬ್ಬ ವ್ಯಾಪಾರಿ ನಿಂಬೆ ತೋಟ ಹಾಕಬೇಕೆಂದು ಇವರನ್ನು ಬಾವಿ ತೋಡಲು ಕರೆಸಿದ. ಕೆಲಸ ಶುರುವಾಯಿತು. ನೆಲ ಮೆತ್ತಗಿತ್ತು, ಬಾವಿ ಬೇಗ ಬೇಗ ಇಳಿಯಿತು. ಕೆಳಗೆ ಒಬ್ಬನೇ ನಿಂತು ದಿನವಿಡೀ ಅಗೆಯುವವನಿಗೆ ಬೇಸರ ಬರುತ್ತದೆ. ಮೇಲೆ ನೋಡಿದರೆ ಹರಿವಾಣದಷ್ಟು ಆಕಾಶ. ಮಾತಾಡಲು ಯಾರೂ ಇಲ್ಲ. ಒಂದು ದಿನ ಭಾವನಿಗೆ ಚೇಷ್ಟೆ ತಡೆಯಲಾಗಲಿಲ್ಲ.

"ಎಳಿ!" ಎಂದು ಕೂಗಿದ.

ಮೈದುನ ಮಣ್ಣಿನ ಭಾರಕ್ಕೆ ತಕ್ಕಂತೆ ಕಾಲೂರಿ, ಉಸಿರು ಬಿಗಿಹಿಡಿದು, ಒಮ್ಮೆಗೇ ಎಳೆದ. ಬುಟ್ಟಿ ಖಾಲಿ ಇತ್ತು. ಅದು ಸರ್ರನೆ ಮೇಲೆ ಬಂತು, ಇವನು ದಪ್ಪನೆ ಕೆಳಗೆ ಬಿದ್ದ. ಬುಟ್ಟಿಯಲ್ಲಿ ಒಂದು ಕಪ್ಪೆ ಕೂತಿತ್ತು. ಬಾವಿಯ ತಳದಿಂದ ನಗೆ ಎದ್ದು ಬಂತು. ದಿಬ್ಬದಿಂದ ಬರುತ್ತಿದ್ದ ಅಕ್ಕನೂ ನಕ್ಕಳು. ತೋಟ ನೋಡಲು ಬಂದಿದ್ದ ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮೈದುನನೂ ಮಣ್ಣು ಕೊಡವಿಕೊಂಡು ನಕ್ಕ. ನಗಲೇಬೇಕಲ್ಲ, ಚೇಷ್ಟೆ ಮಾಡಿದವನು ಭಾವ.

ಮುರಿದ ಕಟ್ಟಳೆ ಮತ್ತೆ ಕೂಡಿಕೊಳ್ಳುವುದಿಲ್ಲ. ಭಾವನಿಗೆ ರುಚಿ ಹತ್ತಿತು. ಆಗೊಮ್ಮೆ ಈಗೊಮ್ಮೆ ಖಾಲಿ ಬುಟ್ಟಿ ಬರತೊಡಗಿತು. ಮೈದುನನ ಟೊಂಕ ಉಳುಕಿತು. ಒಂದು ಸಂಜೆ ಅವನು ಊಟಕ್ಕೆ ಕೂತಾಗ ಹೇಳಿದ:

"ಭಾವ, ನೀವು ಎಳಿ ಅಂದ್ರ ನನಗ ಯಾವುದು ಚಾಷ್ಟಿ, ಯಾವುದು ಖರೇ ಅಂತ ತಿಳಿವಲ್ದು. ಬುಟ್ಟಿ ತುಂಬಿದ್ರ, ಖರೇನ ಎಳಿ ಅನ್ರಿ. ಆವಾಗಷ್ಟ ಎಳೀತೀನಿ."

ಭಾವ ಒಪ್ಪಿದ. ಮಾತು ನ್ಯಾಯವಾಗಿಯೇ ಇತ್ತು. ಮರುದಿನದಿಂದ ಕೆಳಗಿನಿಂದ ಎಳಿ ಎಂದು ಬಂದರೆ ಮೈದುನ ನಕ್ಕು ಸುಮ್ಮನಿರುತ್ತಿದ್ದ. ಖರೇನ ಎಳಿ ಎಂದು ಬಂದರೆ ಎಳೆಯುತ್ತಿದ್ದ. ಕೆಲಸ ಸುಸೂತ್ರವಾಗಿ ನಡೆಯಿತು. ಇಬ್ಬರಿಗೂ ತಾವು ಜಾಣರು ಅನ್ನಿಸಿತು. ಮೂರು ಮಾತಿನಲ್ಲಿ ನಡೆಯುತ್ತಿದ್ದ ಕಸುಬಿಗೆ ನಾಲ್ಕನೆಯ ಮಾತು ಯಾಕೆ ಬೇಕಾಯಿತು ಎಂದು ಇಬ್ಬರೂ ಯೋಚಿಸಲಿಲ್ಲ.

ಹೊಸ ಮಾತು ಕೆಲವು ದಿನ ಗಟ್ಟಿಯಾಗಿತ್ತು. ಆಮೇಲೆ ಒಂದು ದಿನ ಖರೇನ ಎಳಿ ಎಂಬ ಕೂಗಿಗೆ ಖಾಲಿ ಬುಟ್ಟಿ ಬಂತು. ಮೈದುನ ಮತ್ತೆ ಬಿದ್ದ. ಈ ಸಲ ಅವನಿಗೆ ಸಿಟ್ಟು ಬಂತು. ಸರಿ, ಹಾಗಾದರೆ ತಾಯಾಣೆ ಹಾಕಿ ಹೇಳಬೇಕು ಎಂದು ಮಾತಾಯಿತು. ಭಾವ ಅದಕ್ಕೂ ಒಪ್ಪಿದ. ಅವನ ತಾಯಿ ತೀರಿಹೋಗಿ ಬಹಳ ಕಾಲವಾಗಿತ್ತು. ದಿನವೂ ಬಾವಿಯ ತಳದಿಂದ ಅವಳ ಹೆಸರಿನಲ್ಲಿ ಮಣ್ಣು ಮೇಲೇರತೊಡಗಿತು. ತಾಯಾಣಿ, ಖರೇನ ಎಳಿ. ಒಂದು ಬುಟ್ಟಿ ಮಣ್ಣಿಗೆ ಇಷ್ಟು ಮಾತು. ಭಾವ ಅದನ್ನು ಹಾಡಿನಂತೆ ಎಳೆದು ಎಳೆದು ಕೂಗುತ್ತಿದ್ದ. ಮೈದುನ ಹಾಡು ಮುಗಿಯುವವರೆಗೆ ಹಗ್ಗ ಮುಟ್ಟುತ್ತಿರಲಿಲ್ಲ. ಬರಿಯ ಎಳಿ ಎಂಬ ಮಾತು ಅವನ ಕಿವಿಗೆ ಬೀಳುತ್ತಿತ್ತು, ಕೈಗೆ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಕೆಳಗೆ ಬಂಡೆ ಸಿಕ್ಕಿತು.

ಆವತ್ತೂ ಬೆಳಿಗ್ಗೆ ಪದ್ಧತಿಯಂತೆ ಹಣತೆ ಹಚ್ಚಿ ಬುಟ್ಟಿಯಲ್ಲಿಟ್ಟು ಕೆಳಗೆ ಬಿಟ್ಟರು. ದೀಪ ಆರಿದರೆ ಕೆಳಗೆ ಕೆಟ್ಟ ಗಾಳಿ ಇದೆ ಎಂದು ಲೆಕ್ಕ. ಆವತ್ತು ಯಾರೂ ಇಳಿಯುವುದಿಲ್ಲ. ದೀಪ ಉರಿಯುತ್ತಲೇ ಮೇಲೆ ಬಂತು. ಭಾವ ಇಳಿದ. ಬಂಡೆಯ ಸಂದಿಗೆ ಹಾರೆ ಇಟ್ಟು ಹೊತ್ತೇರುವವರೆಗೆ ಮೀಟಿದ. ಸಂದಿ ಬಾಯಿಬಿಟ್ಟಿತು. ಅದರೊಳಗೆ ಎಷ್ಟು ಕಾಲದಿಂದ ಕಟ್ಟಿಕೊಂಡಿತ್ತೋ, ಕೆಟ್ಟ ಗಾಳಿ ಹೊರಬಿತ್ತು. ಭಾವನಿಗೆ ತಲೆ ತಿರುಗಿತು. ಕಾಲಲ್ಲಿ ಬಲ ಇಳಿಯಿತು. ಹಳೆಯ ಕೆಲಸಗಾರ, ಆಗಿದ್ದೇನೆಂದು ತಿಳಿಯಿತು. ಹಾರೆ ಬಿಟ್ಟು ಬುಟ್ಟಿಯಲ್ಲಿ ಕೂತ. ಹಗ್ಗವನ್ನು ತೋಳಿಗೆ ಸುತ್ತಿಕೊಂಡ. ಉಳಿದಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ.

"ಎಳಿ."

ಮೇಲೆ ಮೈದುನನಿಗೆ ಕೇಳಿಸಿತು. ಅವನು ಹಗ್ಗದ ಮೇಲೆ ಕೈಯಿಟ್ಟು ನಿಂತ. ಉಳಿದ ಹಾಡು ಬರಲಿ ಎಂದು ಕಾದ. ಅವನ ಮುಖದಲ್ಲಿ ನಗೆ ಇತ್ತು. ಈ ಸಲ ನಾನು ಮೋಸ ಹೋಗುವವನಲ್ಲ ಎಂದುಕೊಂಡ.

ಅಕ್ಕ ದಿಬ್ಬದ ಕಡೆಯಿಂದ ಮಣ್ಣು ಹೊರುವ ಖಾಲಿ ಪುಟ್ಟಿ ಹಿಡಿದು ಬಂದಳು. ತಮ್ಮ ಸುಮ್ಮನೆ ನಿಂತಿದ್ದನ್ನು ನೋಡಿದಳು.

"ಯಾಕ ನಿಂತಿ?"

"ಭಾವ ಎಳಿ ಅಂದಾರ. ಇನ್ನಾ ಆಣಿ ಹಾಕಿಲ್ಲ."

ಅಕ್ಕನೂ ನಕ್ಕಳು. ಪುಟ್ಟಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳೂ ಕಾದಳು. ಗಂಡ ಬಾವಿಯ ತಳದಲ್ಲಿ ಸಾಯುತ್ತಿದ್ದ. ಅವನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಇಬ್ಬರು ಬಾವಿಯ ಬಾಯಲ್ಲಿ ನಗುತ್ತ ನಿಂತಿದ್ದರು.

ಎಚ್ಚರವಾದದ್ದು ಅಕ್ಕನಿಗೆ. ಗಂಡ ಚೇಷ್ಟೆ ಮಾಡಿದರೆ ಮೊದಲು ನಗುವವನು ಅವನೇ. ಮೇಲಿನವರು ಮೋಸ ಹೋಗುವವರೆಗೂ ಅವನಿಗೆ ತಡೆದು ಗೊತ್ತಿಲ್ಲ. ಆ ನಗೆ ಇನ್ನೂ ಬಂದಿರಲಿಲ್ಲ. ಹಾರೆಯ ಸದ್ದೂ ಇರಲಿಲ್ಲ. ಅವಳು ಒಂದು ಮಾತೂ ಆಡದೆ ತಮ್ಮನ ಹಿಂದೆ ಬಂದು ಹಗ್ಗಕ್ಕೆ ಕೈಹಾಕಿದಳು. ಅವಳ ಎಳೆತ ಹಗ್ಗದಲ್ಲಿ ಬಂದು ತಮ್ಮನ ಕೈಗೆ ತಿಳಿಯಿತು. ಇಬ್ಬರೂ ಎಳೆದರು. ಬುಟ್ಟಿ ಖಾಲಿ ಇರಲಿಲ್ಲ.

ಭಾವ ಬದುಕಿದ. ಬೇವಿನ ನೆರಳಲ್ಲಿ ಮಲಗಿಸಿ ನೀರು ಚಿಮುಕಿಸಿ, ಗಾಳಿ ಬೀಸಿ, ಅಂಗಾಲು ತಿಕ್ಕಿದರು. ಬೂದಿಯ ಬಣ್ಣಕ್ಕೆ ತಿರುಗಿದ್ದ ಮುಖಕ್ಕೆ ನಿಧಾನವಾಗಿ ಜೀವ ಬಂತು. ಹೊತ್ತು ಇಳಿಯುವ ವೇಳೆಗೆ ಅವನು ಎದ್ದು ಕೂತು ಗಂಜಿ ಕುಡಿದ. ಮೈದುನನಿಗೆ ತಡೆಯಲಾಗಲಿಲ್ಲ. ಅವನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಖರೇ ಅಂತ ಯಾಕ ಅನ್ನಲಿಲ್ಲ ಭಾವ? ಅಂದಿದ್ರ ಎಳೀತಿದ್ದಿಲ್ಲೇನು ನಾನು?"

"ಅಷ್ಟು ಉಸಿರು ಇರಲಿಲ್ಲೋ ಮಾರಾಯ," ಎಂದ ಭಾವ. "ಒಂದ ಮಾತಿಗಾಗೂವಷ್ಟಿತ್ತು."

ಭಾವ ಗಂಜಿಯ ಬಟ್ಟಲು ಕೆಳಗಿಟ್ಟು ಹೆಂಡತಿಯ ಕೈ ಹಿಡಿದುಕೊಂಡ. ಇನ್ನು ಮೇಲೆ ಬುಟ್ಟಿಯಲ್ಲಿ ಕೂತು ಚೇಷ್ಟೆ ಮಾಡುವುದಿಲ್ಲ, ನನ್ನ ತಾಯಾಣೆ, ನಿನ್ನಾಣೆ ಎನ್ನಲು ಹೊರಟ. ಅವಳು ಅವನ ಬಾಯಿಯ ಮೇಲೆ ಕೈಯಿಟ್ಟಳು.

"ಆಣಿ ಬ್ಯಾಡ್ರಿ. ಆಣಿ ಹಾಕಿ ಹಾಕೇ ಇಲ್ಲೀ ಮಟ ಬಂದೀವಿ."

ಮೈದುನ ತಲೆ ತಗ್ಗಿಸಿ ಕೂತಿದ್ದ. ತಪ್ಪು ಭಾವನದು, ಪೆಟ್ಟು ತಿಂದವನೂ ಅವನೇ, ತನ್ನ ಪಾಲಿನದು ಏನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಕ್ಕ ಅವನ ಕಡೆ ತಿರುಗಿದಳು. ಅವಳ ದನಿಯಲ್ಲಿ ಜೋರಿರಲಿಲ್ಲ.

"ಕೂಗಿದ ಕೂಡ್ಲೆ ಎಳದಿದ್ರ ಏನಾಗತಿತ್ತೋ ತಮ್ಮಾ? ಖಾಲಿ ಬುಟ್ಟಿ ಬಂದಿದ್ರ ಇನ್ನೊಂದು ಸಲ ಬೀಳ್ತಿದ್ದಿ. ನಾವು ನಗತಿದ್ವಿ. ಅಷ್ಟ ಹೌದಲ್ಲೋ."

ಮೈದುನ ಎದ್ದು ಹೋಗಿ ಹಗ್ಗವನ್ನು ಸುತ್ತಿಟ್ಟ.

ಬಂಡೆಯ ಗಾಳಿ ಹೋಗಲೆಂದು ಬಾವಿಯನ್ನು ಕೆಲವು ದಿನ ಹಾಗೆಯೇ ಬಿಟ್ಟರು. ಆಮೇಲೆ ಮತ್ತೆ ಇಳಿದರು. ಮೂರು ಮಾತುಗಳು ಮಾತ್ರ ಉಳಿದವು. ಭಾವ ಎಳಿ ಎಂದರೆ ಎಳಿ. ಮೈದುನ ಮೊದಲನೆಯ ಕೂಗಿಗೇ ಎಳೆಯುತ್ತಿದ್ದ. ಬುಟ್ಟಿ ತುಂಬುವ ಮೊದಲೇ ಭಾವ ತಪ್ಪಿ ಕೂಗಿದ್ದೂ ಉಂಟು. ಆಗ ಮೈದುನ ದಪ್ಪನೆ ಬೀಳುತ್ತಿದ್ದ, ಎದ್ದು ಮಣ್ಣು ಕೊಡವಿಕೊಂಡು ಮತ್ತೆ ಹಗ್ಗ ಹಿಡಿಯುತ್ತಿದ್ದ. ಆ ವರ್ಷ ಬಾವಿಗೆ ನೀರು ಬಂತು. ವ್ಯಾಪಾರಿ ನಿಂಬೆ ಹಚ್ಚಿದ.

ಅಜ್ಜಾರು ಕತೆ ಮುಗಿಸಿದರು. ಸಿಪ್ಪೆಯ ರಾಶಿಯನ್ನು ಅಂಗೈಯಿಂದ ಒಂದು ಬದಿಗೆ ಸರಿಸಿದರು.

ದುಂಡಪ್ಪ ಕೈಯಲ್ಲಿದ್ದ ಶೇಂಗಾವನ್ನು ಬುಟ್ಟಿಗೆ ಹಾಕಿದ. ಅವನು ದಡ್ಡನಲ್ಲ. ಕತೆಯಲ್ಲಿ ತನ್ನ ಜಾಗ ಎಲ್ಲಿದೆ ಎಂದು ಹುಡುಕಿದ, ಸಿಕ್ಕಿತು ಎಂದುಕೊಂಡ. ಬೆಳಿಗ್ಗೆ ಒಂದು ಸೀರಿಯಸ್ಲಿ, ಮಧ್ಯಾಹ್ನ ಒಂದು ಸೀರಿಯಸ್ಲಿ. ಮದುವೆಯಾದಂದಿನಿಂದ ಎಷ್ಟು ಆಗಿದ್ದವೋ. ಬೇಗ ಬರುತ್ತೇನೆ ಎಂದದ್ದು, ಸಂತೆಯಿಂದ ತರುತ್ತೇನೆ ಎಂದದ್ದು, ಈ ರಜೆಯಲ್ಲಿ ನಿಮ್ಮೂರಿಗೆ ಹೋಗೋಣ ಎಂದದ್ದು, ಎಲ್ಲಕ್ಕೂ ಆ ಪದವನ್ನು ಬಾಲದಂತೆ ಕಟ್ಟಿದ್ದ. ಒಮ್ಮೊಮ್ಮೆ ಬಾಲ ಮಾತ್ರ ಬಂದು, ದನ ಬಂದೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ತಿಳೀತ್ರಿ ಅಜ್ಜಾರ," ಎಂದ. "ಬಾವ್ಯಾಗ ಇಳದು ಚಾಷ್ಟಿ ಮಾಡಿದಾಂವ ನಾನ. ಆ ಪದ ಬಿಡತೀನ್ರಿ. ನಾಳೆ ಹೋಗಿ ಆಣಿ ಗೀಣಿ ಏನೂ ಹಾಕೂದಿಲ್ಲ. ತಪ್ಪಾತು, ನಡಿ ಮನಿಗೆ ಅಂತೀನಿ. ಅಷ್ಟ ಅಂತೀನಿ."

ಅಜ್ಜಾರು ಒಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡರು.

ದುಂಡಪ್ಪನ ಎದೆ ಹಗುರವಾಯಿತು. ಏಳಲು ಕೈಯೂರಿದ. ತಪ್ಪು ಒಪ್ಪಿಕೊಂಡ ಮನುಷ್ಯನಿಗೆ ಒಂದು ಧೈರ್ಯ ಬರುತ್ತದೆ. ತನ್ನದನ್ನು ಹೇಳಿಯಾಯಿತಲ್ಲ, ಇನ್ನು ಎದುರಿನವರದನ್ನೂ ಸ್ವಲ್ಪ ಹೇಳಬಹುದು ಎಂಬ ಧೈರ್ಯ ಅದು. ದುಂಡಪ್ಪ ಎದ್ದವನು ಮತ್ತೆ ಕೂತ.

"ಆದ್ರೂ ಒಂದು ಮಾತ್ರಿ ಅಜ್ಜಾರ," ಎಂದ. "ಆಕೀದೂ ಸ್ವಲ್ಪ ತಪ್ಪೈತ್ರಿ. ತಾಯಿ ಜೀವ ಹೋಗೂ ವ್ಯಾಳೇದಾಗ, ರೊಟ್ಟಿ ಹಾಕ್ಕೋತ, ಅವ್ವಗ ಆರಾಮಿಲ್ಲ ಅಂತ ಮೆತ್ತಗ ಅಂದ್ರ ಯಾರಿಗೆ ತಿಳೀಬೇಕ್ರಿ? ನೆಗಡಿ ಆದ್ರೂ ಹಂಗ ಅಂತಾರ, ಜ್ವರ ಬಂದ್ರೂ ಹಂಗ ಅಂತಾರ. ಸೀರಿಯಸ್ ಐತಿ ಅಂತ ಒಂದು ಪದ ಹಚ್ಚಿ ಹೇಳಿದ್ರ ನಾ ಆಟ ಬಿಟ್ಟು ಓಡಿ ಬರತಿದ್ದಿಲ್ಲೇನ್ರಿ?"

ಅಜ್ಜಾರ ಕೈ ನಿಂತಿತು. ಅವರು ಮೊದಲ ಸಲ ದುಂಡಪ್ಪನ ಮುಖವನ್ನು ನೆಟ್ಟಗೆ ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಆ ಮೈದುನಗ ಒಂದು ನೆಪ ಆದ್ರೂ ಇತ್ತು, ದುಂಡಪ್ಪ. ನಿನ್ನ ಹೆಂಡತಿ ಯಾವತ್ತರ ನಿನ್ನ ಕೈಲೆ ಖಾಲಿ ಬುಟ್ಟಿ ಎಳಸಿದ್ದಳೇನು?"